ಹತ್ತು ವರ್ಷ ಕದಲದ ಸೋಪಿನ ಷೇರು

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ತಿಂಗಳು, ಸೋಪು ಮಾಡುತ್ತಿದ್ದ ಲಿವರ್ ಬ್ರದರ್ಸ್ ಸೇರಿದಂತೆ ಮೂರು ಕಂಪನಿಗಳು ಕೂಡಿ ಹಿಂದೂಸ್ತಾನ್ ಲಿವರ್ ಆದವು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇನೂ ಇಲ್ಲ. ಆದರೆ ಸಿಂಧನೂರಿನ ನನ್ನ ಸೋದರತ್ತೆಯ ಮಗ 2021ರಲ್ಲಿ ಭತ್ತ ಮಾರಿದ ದುಡ್ಡು ಹಾಕಿ ಒಂದು ದೊಡ್ಡ ಸೋಪು ಕಂಪನಿಯ ಷೇರು ಕೊಂಡನಲ್ಲ, ಅವನನ್ನು ಅಲ್ಲಿಗೆ ಎಳೆದೊಯ್ದ ನಂಬಿಕೆ ಮೊಳೆತದ್ದು ಆ ಕಾಲದಲ್ಲಿ. “ಮನೆಮನೆಗೂ ಸೋಪು ಬೇಕು, ಇದು ಮುಳುಗುವುದೆಲ್ಲಿ?” ಎಂದಿದ್ದ. ಮುಳುಗಲಿಲ್ಲ, ನಿಜ. ಮೂರು ವರ್ಷ ಕಳೆದ ಮೇಲೂ ಕೊಂಡ ಬೆಲೆಗಿಂತ ಕೆಳಗೇ ಇತ್ತು, ಅಷ್ಟೇ.

ಸನ್‌ಲೈಟ್ ಸೋಪಿನ ಪೆಟ್ಟಿಗೆಗಳು ಕಲ್ಕತ್ತದ ಬಂದರಿನಲ್ಲಿ ಇಳಿದದ್ದು 1888ರಲ್ಲಿ. ಷೇರು ಭಾರತೀಯರ ಕೈಗೆ ಬರಲು ಮತ್ತೆ ಅರವತ್ತೆಂಟು ವರ್ಷ ಬೇಕಾಯಿತು: 1956ರ ವಿಲೀನದ ಹೊತ್ತಿಗೆ ಶೇ 10ರಷ್ಟು ಪಾಲನ್ನು ಇಲ್ಲಿನ ಸಾರ್ವಜನಿಕರಿಗೆ ಕೊಟ್ಟರು. 1973ರಲ್ಲಿ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ, ಎಲ್ಲರ ಬಾಯಲ್ಲಿ ‘ಫೆರಾ’, ಬಂದಿತು. ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ 40ಕ್ಕೆ ಇಳಿಸಬೇಕೆಂದಿತು. ಕೋಲ್ಗೇಟ್ 1978ರಲ್ಲಿ ಸಾರ್ವಜನಿಕರಿಗೆ ಷೇರು ಬಿಟ್ಟಿತು. ಹಿಂದೂಸ್ತಾನ್ ಲಿವರ್ ಮಾತ್ರ ರಫ್ತು ಮಾಡುತ್ತೇವೆ, ರಾಸಾಯನಿಕ ತಯಾರಿಸುತ್ತೇವೆ ಎಂದು ಲೆಕ್ಕ ತೋರಿಸಿ ವಿನಾಯಿತಿ ಪಡೆದು, ಮೂಲ ಕಂಪನಿ ಯೂನಿಲಿವರ್‌ನ ಕೈಯಲ್ಲಿ ಶೇ 51 ಉಳಿಸಿಕೊಂಡಿತು.

ಆಗ ಹೊಸ ಷೇರಿನ ಬೆಲೆಯನ್ನು ಕಂಪನಿ ತನಗೆ ತೋಚಿದಂತೆ ಇಡುವ ಹಾಗಿರಲಿಲ್ಲ ಎಂಬುದನ್ನು ಬಹುತೇಕರು ಮರೆತಿದ್ದಾರೆ. ದೆಹಲಿಯಲ್ಲಿ ಬಂಡವಾಳ ವಿತರಣೆಯ ನಿಯಂತ್ರಕರ ಕಚೇರಿ ಒಂದಿತ್ತು. 1992ರಲ್ಲಿ ರದ್ದಾಗುವವರೆಗೂ ಬೆಲೆಗೆ ಅದರ ಒಪ್ಪಿಗೆ ಬೇಕಿತ್ತು. ಆ ಕಚೇರಿ ಒಪ್ಪುತ್ತಿದ್ದ ಬೆಲೆ ಸಾಮಾನ್ಯವಾಗಿ ಕಂಪನಿಯ ನಿಜವಾದ ಯೋಗ್ಯತೆಗಿಂತ ಎಷ್ಟೋ ಕೆಳಗಿರುತ್ತಿತ್ತು. ಅಂಥ ಷೇರು ಕೈಗೆ ಹತ್ತಿದವರು ಮುಂದೆ ಶ್ರೀಮಂತರಾದರು. ಅವರ ಕಥೆಯೇ “ಸೋಪಿನ ಷೇರು ಕೊಂಡು ಮರೆತುಬಿಡು” ಎಂಬ ಬುದ್ಧಿವಾದವಾಗಿ ಮುಂಬೈಯಿಂದ ಹೊರಟು ಮೂವತ್ತು ವರ್ಷದಲ್ಲಿ ಸಿಂಧನೂರು ತಲುಪಿತು. ಅವರನ್ನು ಎತ್ತಿದ್ದು ಸೋಪಲ್ಲ, ಅಗ್ಗದ ಬೆಲೆ. ದಾರಿಯಲ್ಲಿ ಆ ಮಾತು ಉದುರಿಹೋಯಿತು.

ಸೋಪು ಎಲ್ಲರಿಗೂ ಬೇಕೆಂದ ಮಾತ್ರಕ್ಕೆ ಒಂದೇ ಕಂಪನಿಯ ಸೋಪು ಬೇಕೆಂದೇನೂ ಇಲ್ಲ. ಇದನ್ನು 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಸೈಕಲ್ ಮೇಲೆ ಬಟ್ಟೆ ಒಗೆಯುವ ಪುಡಿಯ ಚೀಲ ಹೇರಿಕೊಂಡು ತೋರಿಸಿಕೊಟ್ಟರು. ಹಿಂದೂಸ್ತಾನ್ ಲಿವರ್‌ನ ಸರ್ಫ್ ಪುಡಿಯ ಕಾಲು ಭಾಗದಷ್ಟು ಬೆಲೆಗೆ ಅವರ ನಿರ್ಮಾ ಸಿಗತೊಡಗಿತು. ಅಷ್ಟು ಅಗ್ಗದ ಪುಡಿ ಕೊಳ್ಳುವವರು ತನ್ನ ಗಿರಾಕಿಗಳೇ ಅಲ್ಲವೆಂದು ದೊಡ್ಡ ಕಂಪನಿ ಬಹುಕಾಲ ಸುಮ್ಮನಿತ್ತು. ಎಂಬತ್ತರ ದಶಕದ ಕೊನೆಗೆ ವ್ಹೀಲ್ ಎಂಬ ತನ್ನದೇ ಅಗ್ಗದ ಪುಡಿ ತರುವ ಹೊತ್ತಿಗೆ ನಿರ್ಮಾ ಮನೆಮಾತಾಗಿತ್ತು. ಈಗ ಎಷ್ಟೋ ಕಪಾಟುಗಳಲ್ಲಿ ಕಾನ್ಪುರದ ಘಡಿ ಪುಡಿ ಇದೆ. ಅದನ್ನು ತಯಾರಿಸುವ ಕಂಪನಿ ಷೇರುಪೇಟೆಯಲ್ಲಿಯೇ ಇಲ್ಲ. ನಮ್ಮ ಮೈಸೂರು ಸ್ಯಾಂಡಲ್ ಸೋಪೂ ಅಷ್ಟೆ, ಅದು ಸರ್ಕಾರದ್ದು. ಅಂಗಡಿಯಲ್ಲಿ ಹೆಚ್ಚು ಖರ್ಚಾಗುವುದನ್ನೇ ಕೊಳ್ಳುತ್ತೇನೆ ಎಂದು ಹೊರಟವನಿಗೆ ಕೆಲವೊಮ್ಮೆ ಕೊಳ್ಳಲು ಷೇರೇ ಸಿಗದು.

ಇನ್ನು ಆ ಕದಲದ ಹತ್ತು ವರ್ಷ. 2000ದ ಆರಂಭದಲ್ಲಿ ಹಿಂದೂಸ್ತಾನ್ ಲಿವರ್ ಷೇರು ಕೊಂಡವರು 2010ರಲ್ಲಿಯೂ ಹೆಚ್ಚುಕಡಿಮೆ ಅದೇ ಬೆಲೆಯನ್ನು ನೋಡುತ್ತಾ ಕುಳಿತಿದ್ದರು. ನಡುವೆ ಕಂಪನಿ ಹಿಂದೂಸ್ತಾನ್ ಯೂನಿಲಿವರ್ ಎಂದು ಹೆಸರು ಬದಲಿಸಿಕೊಂಡಿತು, ಬೆಲೆ ಬದಲಾಗಲಿಲ್ಲ. 2004ರಲ್ಲಿ ಪೈಪೋಟಿಯ ಪ್ರಾಕ್ಟರ್ ಅಂಡ್ ಗ್ಯಾಂಬಲ್ ತನ್ನ ಏರಿಯಲ್ ಮತ್ತು ಟೈಡ್ ಪುಡಿಗಳ ದರವನ್ನು ಗಕ್ಕನೆ ಇಳಿಸಿತು. ಲಿವರ್ ಕೂಡ ಇಳಿಸಬೇಕಾಯಿತು. ಆ ವರ್ಷ ಲಾಭ ಕುಸಿಯಿತು. ಬಟ್ಟೆ ಒಗೆಯುವುದನ್ನು ಯಾರೂ ನಿಲ್ಲಿಸಿರಲಿಲ್ಲ. 2000ದಲ್ಲಿ ಕೊಟ್ಟ ಬೆಲೆಯೊಳಗೆ ಮುಂದಿನ ಹತ್ತು ವರ್ಷದ ಬೆಳವಣಿಗೆ ಆಗಲೇ ಸೇರಿಹೋಗಿತ್ತು.

2013ರಲ್ಲಿ ಮೂಲ ಕಂಪನಿ ಯೂನಿಲಿವರ್ ತಾನೇ ಮುಂದೆ ಬಂದು ಷೇರಿಗೆ 600 ರೂಪಾಯಿಯಂತೆ ಕೊಂಡು ತನ್ನ ಪಾಲನ್ನು ಶೇ 67ಕ್ಕೆ ಏರಿಸಿಕೊಂಡಿತು. ಪೀಡೆ ಕಳೆಯಿತೆಂದು ಆಗ ಮಾರಿದವರು ಇಂದಿಗೂ ಹಲುಬುತ್ತಿರಬೇಕು. 2021ರ ಸೆಪ್ಟೆಂಬರ್‌ನಲ್ಲಿ ಅದೇ ಷೇರು 2,800 ದಾಟಿತು.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. 2020–21ರಲ್ಲಿ ಒಂದು ಷೇರಿನ ಮೇಲೆ ಕಂಪನಿ ಗಳಿಸಿದ್ದು ಸುಮಾರು 34 ರೂಪಾಯಿ. 2,800 ಕೊಟ್ಟವನು ಒಂದು ವರ್ಷದ ಗಳಿಕೆಯ ಎಂಬತ್ತು ಪಟ್ಟು ಕೊಟ್ಟಂತಾಯಿತು. 2023–24ರಲ್ಲಿ ಗಳಿಕೆ 43ಕ್ಕೆ ಏರಿತು, ಅಂದರೆ ಕಾಲು ಭಾಗಕ್ಕೂ ಹೆಚ್ಚು. ಆದರೂ 2024ರ ಡಿಸೆಂಬರ್ ಕೊನೆಗೆ ಷೇರು 2,400ಕ್ಕಿಂತ ಕೆಳಗಿತ್ತು. ಕಂಪನಿ ತನ್ನ ಕೆಲಸ ಮಾಡಿತು. ಪೇಟೆ ಎಂಬತ್ತು ಪಟ್ಟು ಕೊಡುವುದನ್ನು ಬಿಟ್ಟು ಐವತ್ತೈದರ ಹತ್ತಿರ ನಿಂತಿತು. ಆ 43ರಲ್ಲಿ 42 ರೂಪಾಯಿ ಲಾಭಾಂಶವಾಗಿ ಷೇರುದಾರರಿಗೇ ಹಂಚಿಕೆಯಾಯಿತು. ಕೇಳಲು ಹಿತವಾದ ಮಾತು. ಆದರೆ 2,400 ರೂಪಾಯಿಗೆ 42 ಎಂದರೆ ಶೇ ಎರಡೂ ಇಲ್ಲ. ಆಗ ಅಂಚೆ ಕಚೇರಿಯ ಐದು ವರ್ಷದ ಠೇವಣಿಗೆ ಶೇ 7.5 ಇತ್ತು. ಗಳಿಸಿದ್ದನ್ನೆಲ್ಲ ಹಂಚಿಬಿಡುವ ಕಂಪನಿಗೆ ಹಣ ಹೂಡಲು ಹೊಸ ಜಾಗ ಹೆಚ್ಚಿಲ್ಲ ಎಂದೂ ಅದನ್ನು ಓದಬಹುದು. ಲಾಭಕ್ಕೆ ಮೊದಲೇ, ಬ್ರ್ಯಾಂಡು, ತಂತ್ರಜ್ಞಾನ ಬಳಸಿದ್ದಕ್ಕೆಂದು ಮೂಲ ಕಂಪನಿಗೆ ಹೋಗುವ ರಾಯಧನ (ರಾಯಲ್ಟಿ) ಬೇರೆ ಇದೆ: ವಹಿವಾಟಿನ ಶೇ 2.65 ಇದ್ದದ್ದನ್ನು ಶೇ 3.45ಕ್ಕೆ ಏರಿಸುವ ನಿರ್ಧಾರ 2023ರ ಜನವರಿಯಲ್ಲಿ ಆಯಿತು.

ನನ್ನ ಮಟ್ಟಿಗೆ ವಾರ್ಷಿಕ ವರದಿಯಲ್ಲಿ ಮೊದಲು ಹುಡುಕಬೇಕಾದ ಸಾಲು ಲಾಭದ್ದಲ್ಲ, ಮಾರಿದ ಮಾಲಿನ ಪ್ರಮಾಣದ್ದು. 2022–23ರಲ್ಲಿ ಹಿಂದೂಸ್ತಾನ್ ಯೂನಿಲಿವರ್ ಮಾರಾಟ ಶೇ 16ರಷ್ಟು ಬೆಳೆಯಿತು, ಮಾಲಿನ ಪ್ರಮಾಣ ಬೆಳೆದದ್ದು ಶೇ 5 ಮಾತ್ರ. ಉಳಿದದ್ದು ಬೆಲೆ ಏರಿಕೆ. ಅದಕ್ಕೊಂದು ಕಾರಣ ಸೋಪಿನ ಮೂಲವಾದ ತಾಳೆ ಎಣ್ಣೆ. 2022ರ ಏಪ್ರಿಲ್ ಕೊನೆಗೆ ಇಂಡೊನೇಷ್ಯಾ ಅದರ ರಫ್ತನ್ನೇ ಕೆಲವು ವಾರ ನಿಲ್ಲಿಸಿತ್ತು. ಮರುವರ್ಷ ಪ್ರಮಾಣದ ಬೆಳವಣಿಗೆ ಶೇ 2ಕ್ಕೆ ಬಂತು.

ಈ ಲೆಕ್ಕವನ್ನು ನಾನು ಕಣ್ಣಾರೆ ಕಂಡದ್ದು ಅತ್ತೆಯ ಮಗನ ದೊಡ್ಡಪ್ಪನ ಕಿರಾಣಿ ಅಂಗಡಿಯಲ್ಲಿ. ಕಪಾಟಿನ ಹಿಂದುಗಡೆ ಬಿದ್ದಿದ್ದ ಹಳೆಯ ಸೋಪೊಂದನ್ನು ತೆಗೆದು, ಆ ವಾರ ಬಂದ ಅದೇ ಸೋಪಿನ ಪಕ್ಕ ಗಲ್ಲೆಯ ಮೇಲಿಟ್ಟರು. ಹೊದಿಕೆಯ ಬಣ್ಣ ಅದೇ, ಹತ್ತು ರೂಪಾಯಿ ಬೆಲೆಯೂ ಅದೇ. ಗ್ರಾಂ ಲೆಕ್ಕ ಮಾತ್ರ ಇಳಿದಿತ್ತು, ಅದೂ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. “ಹತ್ತರ ಸೋಪು ಹನ್ನೊಂದಾದರೆ ಗಿರಾಕಿ ಬೈದು ಹೋಗುತ್ತಾನೆ. ಹೀಗೆ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ” ಎಂದರು. ಗಲ್ಲೆಯ ಕೆಳಗೆ ಉದ್ರಿ ಪುಸ್ತಕವಿತ್ತು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಭತ್ತ ಕೈಗೆ ಬಂದ ವರ್ಷ ಅದರ ಹಾಳೆಗಳ ಮೇಲೆ ಗೀಟು ಬೀಳುತ್ತದೆ. ಎರಡನೇ ಬೆಳೆಗೆ ನೀರಿಲ್ಲದ ವರ್ಷ ದೊಡ್ಡ ಶಾಂಪೂ ಬಾಟಲಿ ಹೋಗಿ ಪ್ಯಾಕೆಟ್ಟಿನ ಸರ ತೂಗುತ್ತದೆ. ಇಂಥ ಕಂಪನಿಗಳ ಮಾರಾಟದಲ್ಲಿ ಸುಮಾರು ಮೂರನೇ ಒಂದು ಪಾಲು ಹಳ್ಳಿಗಳದ್ದು. ಮುಂಬೈಯ ವಿಶ್ಲೇಷಕರು ‘ಗ್ರಾಮೀಣ ಬೇಡಿಕೆ’ ಎಂದು ಬರೆಯುವುದು ಈ ಪುಸ್ತಕದ ಬಗ್ಗೆಯೇ.

2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ಇನ್ನು ಮಾರಾಟ ಜಿಗಿಯುತ್ತದೆ, ಇನ್ನಷ್ಟು ಷೇರು ಕೊಳ್ಳಲೇ ಎಂದು ಅತ್ತೆಯ ಮಗ ಫೋನ್ ಮಾಡಿದ. ನಿಮ್ಮ ದೊಡ್ಡಪ್ಪನನ್ನೇ ಕೇಳು ಎಂದೆ. ಕೇಳಿದನಂತೆ. “ಮೊದಲು ಭತ್ತದ ದುಡ್ಡು ಊರಿಗೆ ಬರಲಿ, ಆಮೇಲೆ ಹೇಳುತ್ತೇನೆ” ಎಂದರಂತೆ.