ಬೋಳು ಗುಡ್ಡ ಅಲ್ಲ, ಒದ್ದೆ ಕಂಬಳಿ

ಕಳಸದಿಂದ ಕುದುರೆಮುಖಕ್ಕೆ ಹೋಗುವ ಬಸ್ಸಿನಲ್ಲಿ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಅಯ್ಯೋ, ಗುಡ್ಡವೆಲ್ಲ ಬೋಳಾಗಿದೆ. ಒಂದಷ್ಟು ಗಿಡ ನೆಡಬಾರದಾ?" ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದು ಕಾಡು ಕಡಿದು ಬೋಳಾದ ಗುಡ್ಡವಲ್ಲ. ಎತ್ತರದಲ್ಲಿ ಮಣ್ಣು ತೆಳು, ಗಾಳಿ ಜೋರು, ಆಗಾಗ ಬೆಂಕಿ. ಅಲ್ಲಿ ಹುಲ್ಲೇ ಒಡೆಯ. ಮಣ್ಣು, ತೇವ ಬಂದು ನಿಲ್ಲುವ ಗುಡ್ಡದ ಮಡಿಕೆಗಳಲ್ಲಿ ಮಾತ್ರ ಶೋಲಾ ಎಂಬ ಕುಳ್ಳಗಿನ ದಟ್ಟ ಕಾಡು.

ಇಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಆದರೂ ಭದ್ರೆ ಬೇಸಿಗೆಯಲ್ಲೂ ಹರಿಯುತ್ತಾಳೆ. ಹೇಗೆ?

ಗದ್ದೆಯಲ್ಲಿ ಗೊರಬು, ಅಂದರೆ ತಲೆ-ಬೆನ್ನು ಮುಚ್ಚುವ ಮಳೆಹೊದಿಕೆ, ಹಾಕಿಕೊಂಡವರನ್ನು ನೋಡಿದ್ದೀರಲ್ವಾ? ಹನಿ ಬಿದ್ದ ಕೂಡಲೇ ಜಾರಿ ಹೋಗುತ್ತದೆ. ಬರಿ ಮಣ್ಣಿನ ಇಳಿಜಾರು ಹಾಗೆ. ಕಂಬಳಿ ಬೇರೆ. ನೀರು ಕುಡಿದು ಭಾರವಾಗುತ್ತದೆ, ಒಲೆಯ ಪಕ್ಕ ನೇತುಹಾಕಿದರೂ ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಹುಲ್ಲುಗುಡ್ಡ ಅಂಥ ಕಂಬಳಿ. ರಸ್ತೆ ಬದಿಯ ದರೆ ಕುಸಿದ ಕಡೆ ಹುಲ್ಲಿನ ಬುಡ ನೋಡಿ: ಕೂದಲೆಳೆಯಂಥ ಬೇರು, ನಡುವೆ ಪುಡಿಪುಡಿ ಕಪ್ಪು ಮಣ್ಣು. ಹಳೇ ಬೇರು ಕೊಳೆತ ಜಾಗವೆಲ್ಲ ಸಣ್ಣ ತೂತು, ನೀರಿಗೆ ದಾರಿ. ನಮ್ಮ ಕಾಫಿ ಫಿಲ್ಟರ್ ಕೂಡ ಇದನ್ನೇ ಮಾಡುತ್ತದೆ. ಮೇಲೆ ಒಮ್ಮೆಗೇ ಸುರಿದರೂ ಡಿಕಾಕ್ಷನ್ ಇಳಿಯುವುದು ಹನಿಹನಿಯಾಗಿ. ಇಲ್ಲಿ ಅಕೇಶಿಯಾ, ನೀಲಗಿರಿ ನೆಟ್ಟರೆ ಆಳಕ್ಕೆ ಬೇರು ಬಿಟ್ಟು, ಆ ನೀರನ್ನು ವರ್ಷಪೂರ್ತಿ ಹೀರಿ ಗಾಳಿಗೆ ಬಿಡುತ್ತವೆ. ಕೆಳಗಿನ ಹಳ್ಳ ಸೊರಗುತ್ತದೆ.

ಕಂಬಳಿ ಸುಲಿದರೆ ಏನಾಗುತ್ತದೆ ಎಂಬುದನ್ನೂ ಈ ಗುಡ್ಡ ಕಂಡಿದೆ. 1913ರಲ್ಲಿ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಇಲ್ಲಿ ಕಬ್ಬಿಣದ ಅದಿರು ಗುರುತಿಸಿದರು. ಮ್ಯಾಗ್ನೆಟೈಟ್ ಅದು, ಅಯಸ್ಕಾಂತ ಹಿಡಿದರೆ ಪುಡಿ ಮೀಸೆಯ ಹಾಗೆ ನಿಮಿರಿ ಅಂಟಿಕೊಳ್ಳುತ್ತದೆ. 1976ರಲ್ಲಿ ಗಣಿ ಕಂಪನಿ ಬಂತು. ಅದಿರನ್ನು ಅರೆದು, ನೀರಿಗೆ ಕಲಸಿ, ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರಿಗೆಂದೇ ಲಕ್ಯಾ ಹಳ್ಳಕ್ಕೆ ಅಣೆಕಟ್ಟು ಕಟ್ಟಿದರು. ಅಗೆದ ಗುಡ್ಡದ ಮಣ್ಣು ಮಳೆಗಾಲದಲ್ಲಿ ಭದ್ರೆಗೆ ಇಳಿಯುತ್ತಿತ್ತು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಗಣಿ ನಿಂತಿದ್ದು ಮಾತ್ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ, 2005ರ ಕೊನೆಗೆ.

ಫೆಬ್ರವರಿಯಲ್ಲಿ ಒಮ್ಮೆ ಹೋಗಿ. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ಮಳೆ ನಿಂತು ತಿಂಗಳುಗಳೇ ಆಗಿರುತ್ತವೆ. ಶೋಲಾದ ಅಂಚಿನ ಪಾಚಿಗಟ್ಟಿದ ಕಲ್ಲಿನ ಕೆಳಗೆ ಬೊಗಸೆ ಹಿಡಿಯಿರಿ. ಜುಲೈಯಲ್ಲಿ ಬಿದ್ದ ಮಳೆ ತಣ್ಣಗೆ ಕೈಗೆ ಇಳಿಯುತ್ತದೆ.