ರಕ್ತಹೀನತೆ ಎಂದರೆ ರಕ್ತ ಕಡಿಮೆ ಎಂದಲ್ಲ

ಕಳೆದ ವಾರ ಮೊಬೈಲಿಗೆ ಬಂದ ಆರೋಗ್ಯ ಸಲಹೆಯೊಂದರಲ್ಲಿ ಹೀಗಿತ್ತು: ‘ಗರ್ಭಿಣಿಯರ ದೇಹದಲ್ಲಿ ರಕ್ತದ ಪ್ರಮಾಣ ಕಡಿಮೆಯಾಗುವುದರಿಂದ ರಕ್ತಹೀನತೆ ಉಂಟಾಗುತ್ತದೆ. ಬೀಟ್‌ರೂಟ್ ರಸ ಕುಡಿದರೆ ರಕ್ತ ತುಂಬಿಕೊಳ್ಳುತ್ತದೆ.’ ಇದೇ ಅರ್ಥದ ವಾಕ್ಯವನ್ನು ಪುರವಣಿಗಳಲ್ಲಿ, ಶಿಬಿರಗಳ ಬ್ಯಾನರುಗಳಲ್ಲಿ, ಗೋಡೆಬರಹಗಳಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಗರ್ಭಿಣಿಯ ದೇಹದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಅವಳ ರಕ್ತ ಹೆಚ್ಚಾಗುತ್ತದೆ, ಅದೂ ಸಾಕಷ್ಟು. ರಕ್ತದ ನೀರಿನ ಭಾಗವಾದ ಪ್ಲಾಸ್ಮಾ ಶೇಕಡ 40ರಿಂದ 50ರಷ್ಟು ಏರುತ್ತದೆ. ಕೆಂಪು ಕಣಗಳೂ ಹೆಚ್ಚುತ್ತವೆ, ಆದರೆ ಪ್ಲಾಸ್ಮಾದಷ್ಟಲ್ಲ. ಹಾಗಾಗಿ ಒಟ್ಟು ರಕ್ತ ಹೆಚ್ಚಿದ್ದೂ ಅದು ತೆಳುವಾಗಿರುತ್ತದೆ. ಕೆಂಪು ಕಣಗಳೊಳಗಿದ್ದು ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಗರ್ಭಿಣಿಗೆ ಗೊತ್ತುಮಾಡಿದ ಮಟ್ಟಕ್ಕಿಂತಲೂ ಕೆಳಗಿಳಿದರೆ ಅದಕ್ಕೆ ರಕ್ತಹೀನತೆ ಎನ್ನುತ್ತೇವೆ. ಮೈತುಂಬ ರಕ್ತವಿದ್ದೂ ‘ರಕ್ತಹೀನ’. ದಾರಿ ತಪ್ಪಿಸುತ್ತಿರುವುದು ಈ ಪದವೇ.

ಹಳ್ಳಿಯ ಹಾಲಿನ ಡೈರಿಗೆ ಹೋಗಿ ಬಂದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕ್ಯಾನು ತುಂಬಿದೆಯೇ ಎಂಬುದು ಒಂದು ಲೆಕ್ಕ, ಹಾಲಿನ ಗಟ್ಟಿತನ ಅಳೆಯುವ ‘ಡಿಗ್ರಿ’ ಎಷ್ಟು ಬಂತು ಎಂಬುದು ಇನ್ನೊಂದು. ಡಿಗ್ರಿ ಇಳಿದರೆ ಹಾಲು ಕಡಿಮೆ ಎಂದು ಯಾರೂ ಹೇಳುವುದಿಲ್ಲ, ಹಾಲು ತೆಳು ಎನ್ನುತ್ತಾರೆ. ಪ್ರಯೋಗಾಲಯದ ಚೀಟಿಯಲ್ಲಿ ಹಿಮೋಗ್ಲೋಬಿನ್ ಎದುರಿಗೆ ಇರುವ ಅಂಕಿಯೂ ಅಂಥದ್ದೇ. 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಗ್ರಾಂ ಹಿಮೋಗ್ಲೋಬಿನ್ ಇದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ವಯಸ್ಕ ದೇಹದ ಸುಮಾರು ಐದು ಲೀಟರ್ ರಕ್ತದಲ್ಲಿ ಎಷ್ಟು ಉಳಿದಿದೆ ಎಂಬ ಸುದ್ದಿ ಅದರಲ್ಲಿ ಇಲ್ಲ. ಇನ್ನು ರಕ್ತದೊತ್ತಡ ಕಡಿಮೆ ಇರುವುದನ್ನು ರಕ್ತಹೀನತೆ ಎನ್ನುವವರಿದ್ದಾರೆ. ಅದು ಬೇರೆಯೇ ಸಂಗತಿ.

ಪದ ಹೀಗೇಕಾಯಿತು? ‘ಹೀನ’ ಎಂಬುದು ಸಂಸ್ಕೃತದ ‘ಹಾ’ ಧಾತುವಿನಿಂದ ಬಂದದ್ದು. ಬಿಡು, ತೊರೆ ಎಂದು ಅದರ ಅರ್ಥ. ‘ಹಾನಿ’ ಹುಟ್ಟಿದ್ದೂ ಅಲ್ಲಿಂದಲೇ. ಹೀನ ಎಂದರೆ ತೊರೆದುಹೋದ, ಇಲ್ಲವಾದ. ಸಮಾಸದ ಕೊನೆಯಲ್ಲಿ ಬಂದಾಗ ಈ ಅರ್ಥ ನಿಚ್ಚಳವಾಗಿ ಉಳಿಯುತ್ತದೆ: ಬಲಹೀನ, ಗತಿಹೀನ, ಬುದ್ಧಿಹೀನ. ಮೊದಲಿಗೆ ಬಂದರೆ ಅರ್ಥ ಹೊರಳುತ್ತದೆ. ಬುದ್ಧಿಹೀನನಿಗೆ ಬುದ್ಧಿ ಇಲ್ಲ. ಹೀನಬುದ್ಧಿಯವನಿಗೆ ಬುದ್ಧಿ ಇದೆ, ಆದರೆ ಅದು ಕೀಳು. ಕನ್ನಡದ ಕಿವಿಗೆ ಎರಡನೆಯ ಅರ್ಥವೇ ಹೆಚ್ಚು ಬಳಕೆಯದು. ಹೀನಾಯ ಎಂದ ಕೂಡಲೇ ಅವಮಾನದ ನೆನಪಾಗುತ್ತದೆ. ಹಾಗಾಗಿ ‘ರಕ್ತಹೀನತೆ’ ಎಂಬ ಪದ ರೋಗಿಯ ಮೇಲೆ ಎರಡು ಸಲ ಬೀಳುತ್ತದೆ. ನಿನ್ನಲ್ಲಿ ರಕ್ತವೇ ಇಲ್ಲ ಎಂಬುದು ಒಂದು ಪೆಟ್ಟು, ನಿನ್ನ ರಕ್ತದಲ್ಲೇ ಏನೋ ಕೀಳು ಇದೆ ಎಂಬುದು ಇನ್ನೊಂದು. ಮದುವೆ ಮಾತುಕತೆಯ ಹೊತ್ತಿಗೆ ಈ ಪದ ಒಂದು ಹುಡುಗಿಯ ಹೆಸರಿಗೆ ಅಂಟಿಕೊಂಡರೆ ಏನಾಗುತ್ತದೆ ಎಂಬುದನ್ನು ನಾನು ಕಂಡಿದ್ದೇನೆ.

ತಪ್ಪು ಕನ್ನಡದ್ದಲ್ಲ, ಮೂಲದಲ್ಲೇ ಇತ್ತು. ‘ಅನೀಮಿಯ’ ಗ್ರೀಕ್ ಪದ. ‘ಹೈಮ’ ಎಂದರೆ ರಕ್ತ, ಅದರ ಹಿಂದಿನ ‘ಅನ್’ ಎಂದರೆ ಇಲ್ಲ. ನಮ್ಮ ಅನಂತ, ಅನಾದಿಗಳಲ್ಲಿ ಇರುವ ‘ಅನ್’ ಮತ್ತು ಗ್ರೀಕರ ‘ಅನ್’ ಒಂದೇ ಬೇರಿನವು. ಆ ಪದದ ಅಕ್ಷರಾರ್ಥ ‘ರಕ್ತವಿಲ್ಲದಿರುವಿಕೆ’. ಕನ್ನಡ ಮಾಡಿದವರು ಅಕ್ಷರಕ್ಕೆ ನಿಷ್ಠರಾಗಿ ತಪ್ಪನ್ನೂ ಜೊತೆಗೇ ಕರೆತಂದರು.

ಇದಕ್ಕಿಂತ ಎಷ್ಟೋ ಒಳ್ಳೆಯ ಪದ ನಮ್ಮಲ್ಲಿ ಮೊದಲೇ ಇತ್ತು: ಪಾಂಡುರೋಗ. ಪಾಂಡು ಎಂದರೆ ಹಳದಿ ಬೆರೆತ ಬಿಳುಪು. ವ್ಯಾಸರನ್ನು ಕಂಡು ಅಂಬಾಲಿಕೆ ಬಿಳಿಚಿಕೊಂಡದ್ದರಿಂದ ಮಗನಿಗೆ ಪಾಂಡು ಎಂಬ ಹೆಸರು ಬಂತು ಎಂಬ ಕಥೆ ಎಲ್ಲರಿಗೂ ಗೊತ್ತು. ಕಣ್ಣಿಗೆ ಕಾಣದ ರಕ್ತದ ಅಳತೆಯ ಬಗ್ಗೆ ಈ ಪದ ಏನನ್ನೂ ಹೇಳುವುದಿಲ್ಲ, ಕಣ್ಣಿಗೆ ಕಂಡ ಬಣ್ಣವನ್ನಷ್ಟೇ ಹೇಳುತ್ತದೆ. ಈಗಲೂ ವೈದ್ಯರು ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಒಳಬದಿಯ ಬಣ್ಣ ನೋಡುವುದು ಇದೇ ಗುರುತಿಗಾಗಿ. ಚರಕಸಂಹಿತೆ ಪಾಂಡುವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಐದನೆಯದು ಮಣ್ಣು ತಿನ್ನುವುದರಿಂದ ಬರುವಂಥದ್ದು. ಕಬ್ಬಿಣಾಂಶ ತೀರ ಇಳಿದವರಿಗೆ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ತಡೆಯಲಾರದ ಆಸೆ ಹುಟ್ಟುತ್ತದೆ ಎಂಬುದನ್ನು ಇಂದಿನ ವೈದ್ಯವೂ ಒಪ್ಪುತ್ತದೆ. ಇದರಲ್ಲಿ ಯಾವುದು ಕಾರಣ, ಯಾವುದು ಲಕ್ಷಣ ಎಂಬುದರಲ್ಲಿ ಭಿನ್ನಾಭಿಪ್ರಾಯ ಇರಬಹುದು. ಆದರೆ ಎರಡಕ್ಕೂ ನಂಟಿದೆ ಎಂಬುದನ್ನು ಆ ಕಾಲದ ಕಣ್ಣು ಹಿಡಿದಿತ್ತು. ಚಿಕಿತ್ಸೆಗೆ ಅಲ್ಲಿ ಹೇಳಿರುವ ನವಾಯಸ ಚೂರ್ಣದಲ್ಲೂ ಮಂಡೂರ ವಟಕದಲ್ಲೂ ಇರುವುದು ಕಬ್ಬಿಣವೇ. ಹಾಗೆಂದು ಇಂದು ಭಸ್ಮ ಹುಡುಕಿಕೊಂಡು ಹೋಗಿ ಎಂದು ನಾನು ಹೇಳುತ್ತಿಲ್ಲ. ಹೆಸರಿಡುವಾಗ ಅವರು ತೋರಿದ ಎಚ್ಚರದ ಬಗ್ಗೆ ಮಾತ್ರ ನನ್ನ ಮಾತು.

ಮುಖ್ಯವಾದ ಗೊಂದಲ ಇನ್ನೂ ಬಾಕಿ ಇದೆ. ರಕ್ತಹೀನತೆ ಒಂದು ರೋಗವಲ್ಲ, ಜ್ವರದ ಹಾಗೆ ಅದೊಂದು ಗುರುತು. ಜ್ವರ ಬಂದಿದೆ ಎಂದಾಗ ಏನು ಜ್ವರ ಎಂದು ಕೇಳುತ್ತೇವೆ. ರಕ್ತಹೀನತೆ ಎಂದಾಗ ಮಾತ್ರ ಯಾವ ಬಗೆಯದು ಎಂದು ಕೇಳದೆ ನೇರವಾಗಿ ಕಬ್ಬಿಣದ ಮಾತ್ರೆಗೆ ಕೈಚಾಚುತ್ತೇವೆ. ನಮ್ಮಲ್ಲಿ ಕಬ್ಬಿಣಾಂಶದ ಕೊರತೆ ವ್ಯಾಪಕವಾಗಿದೆ, ಮಾತ್ರೆಯಿಂದ ಲಕ್ಷಾಂತರ ತಾಯಂದಿರಿಗೆ ಒಳ್ಳೆಯದಾಗಿದೆ. ಅದರಲ್ಲಿ ಅನುಮಾನವಿಲ್ಲ. ಆದರೆ ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಲ್ಲ.

ನಮ್ಮ ಸಂಬಂಧಿಕರ ಹುಡುಗಿಯೊಬ್ಬಳ ಕಥೆ ಕೇಳಿ. ಹದಿನಾಲ್ಕನೆಯ ವಯಸ್ಸಿನಿಂದ ಬಿಟ್ಟು ಬಿಟ್ಟು ಏಳು ವರ್ಷ ಅವಳು ಕಬ್ಬಿಣದ ಮಾತ್ರೆ ನುಂಗಿದಳು. ಹಿಮೋಗ್ಲೋಬಿನ್ ಹತ್ತೂವರೆಯಿಂದ ಕದಲಲಿಲ್ಲ. ‘ಮಾತ್ರೆ ಸರಿಯಾಗಿ ತಿನ್ನುವುದಿಲ್ಲ’ ಎಂದು ಮನೆಯಲ್ಲಿ ಬೈಗುಳ. ಒಮ್ಮೆ ಅವಳ ವರದಿಯನ್ನು ನನ್ನ ಮುಂದೆ ಹಿಡಿದರು. ಮೊದಲ ಸಾಲಿನಲ್ಲಿ ಹಿಮೋಗ್ಲೋಬಿನ್ 10.6, ದಪ್ಪ ಅಕ್ಷರದಲ್ಲಿ. ಎಲ್ಲರೂ ಅಲ್ಲಿಗೇ ನಿಂತಿದ್ದರು. ಅದರ ಕೆಳಗೆ ಕೆಂಪು ರಕ್ತಕಣಗಳ ಸಂಖ್ಯೆ ಮೈಕ್ರೋಲೀಟರಿಗೆ 57 ಲಕ್ಷ. ಹೆಂಗಸರಲ್ಲಿ ಅದು ಸಾಮಾನ್ಯವಾಗಿ 50 ಲಕ್ಷದೊಳಗೆ ಇರುತ್ತದೆ. ಇನ್ನೂ ಕೆಳಗೆ ಕಣದ ಸರಾಸರಿ ಗಾತ್ರ 63. ಇರಬೇಕಾದದ್ದು 80ಕ್ಕಿಂತ ಮೇಲೆ. ಅಂದರೆ ಕಣಗಳು ಬೇಕಾದ್ದಕ್ಕಿಂತ ಹೆಚ್ಚಿವೆ, ಆದರೆ ಪ್ರತಿಯೊಂದೂ ಚಿಕ್ಕದು, ಪೇಲವ. ಕಬ್ಬಿಣ ಸಾಲದೆ ಹೋದಾಗ ಕಣ ಚಿಕ್ಕದಾಗುವುದರ ಜೊತೆಗೆ ಸಾಮಾನ್ಯವಾಗಿ ಸಂಖ್ಯೆಯೂ ಇಳಿಯುತ್ತದೆ. ಕಣಗಳ ಸಂಖ್ಯೆಯನ್ನು ಹತ್ತು ಲಕ್ಷದ ಲೆಕ್ಕದಲ್ಲಿ ಬರೆದರೆ 5.7. ಗಾತ್ರವನ್ನು ಅದರಿಂದ, ಅಂದರೆ 63ನ್ನು 5.7ರಿಂದ, ಭಾಗಿಸಿದರೆ ಸುಮಾರು 11 ಬರುತ್ತದೆ. ಈ ಭಾಗಲಬ್ಧ 13ಕ್ಕಿಂತ ಕಡಿಮೆಯಾದರೆ ಥಲಸೀಮಿಯದ, ಅಂದರೆ ಹಿಮೋಗ್ಲೋಬಿನ್ ತಯಾರಿಯಲ್ಲೇ ಹುಟ್ಟಿನಿಂದ ಇರುವ ದೋಷದ, ಕಡೆಗೆ ನೋಡಿ ಎಂದು 1973ರಷ್ಟು ಹಿಂದೆಯೇ ಮೆಂಟ್ಸರ್ ಎಂಬ ವೈದ್ಯರು ಹೇಳಿದ್ದಾರೆ. ಇದು ಸುಳಿವು ಮಾತ್ರ, ತೀರ್ಪಲ್ಲ. ಫೆರಿಟಿನ್ ಪರೀಕ್ಷೆ ಮಾಡಿಸಿದಾಗ ಕಬ್ಬಿಣದ ಸಂಗ್ರಹ ಸಾಕಷ್ಟಿತ್ತು. ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸುವ ಪರೀಕ್ಷೆಯಲ್ಲಿ ಎ2 ಎಂಬ ಬಗೆಯ ಅಂಶ ಶೇಕಡ 5.2 ಬಂತು. 3.5ರ ಒಳಗಿರಬೇಕಾದದ್ದು. ಅವಳು ಬೀಟಾ ಥಲಸೀಮಿಯದ ವಾಹಕಿ. ಅವಳ ದೇಹಕ್ಕೆ ಕಬ್ಬಿಣದ ಕೊರತೆ ಇರಲೇ ಇಲ್ಲ. ಹಿಮೋಗ್ಲೋಬಿನ್ನಿನ ಒಂದು ಸರಪಳಿ ಹೆಣೆಯುವ ಜೀನಿನಲ್ಲಿ ಹುಟ್ಟಿನಿಂದಲೇ ಒಂದು ಪ್ರತಿ ಸೊಟ್ಟ. ಭಾರತದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ಹೀಗಿದ್ದಾರೆ ಎಂಬುದು ಬಳಕೆಯಲ್ಲಿರುವ ಅಂದಾಜು. ಅವರಲ್ಲಿ ಎಷ್ಟು ಜನ ‘ರಕ್ತ ಕಡಿಮೆ’ ಎಂಬ ಮಾತಿಗೆ ತಲೆಬಾಗಿ ಮಾತ್ರೆ ನುಂಗುತ್ತಿದ್ದಾರೋ.

‘ವಾಹಕ’ ಎಂಬ ಪದವೂ ತೊಂದರೆಯದೇ. ಸೊಳ್ಳೆ ಮಲೇರಿಯಾದ ವಾಹಕ ಎಂದು ಓದಿ ಬೆಳೆದವರಿಗೆ ಥಲಸೀಮಿಯ ವಾಹಕಿ ಎಂದರೆ ಅಂಟಿಸುವವಳು ಎಂದೇ ಕೇಳುತ್ತದೆ. ಅದು ಅಂಟುವುದಿಲ್ಲ. ವಾಹಕರು ಬಹುತೇಕ ಆರೋಗ್ಯವಂತರು. ಗಂಡ ಹೆಂಡತಿ ಇಬ್ಬರೂ ವಾಹಕರಾದಾಗ ಮಾತ್ರ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ತೀವ್ರ ರೋಗ ಬರುವ ಸಂಭವ.

ಇನ್ನೊಂದು ಬಗೆಯನ್ನು ಬೆಳಕಿಗೆ ತಂದದ್ದು ನಮ್ಮ ನೆಲದ ಹೆಂಗಸರೇ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಗರ್ಭಿಣಿಯರನ್ನು ಪರೀಕ್ಷಿಸಿದರು. ಅವರ ರಕ್ತಕಣಗಳು ಚಿಕ್ಕದಾಗಿರಲಿಲ್ಲ, ಊದಿಕೊಂಡಿದ್ದವು. ಅವರಿಗೆ ಗುಣ ಕೊಟ್ಟದ್ದು ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಲೇಹ್ಯ. ಅದರಲ್ಲಿದ್ದ ಅಂಶ ಫೋಲಿಕ್ ಆಮ್ಲ ಎಂಬುದು ಆಮೇಲೆ ಗೊತ್ತಾಯಿತು. ಇಂದು ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಮ್ಲ ಇರುವುದರ ಹಿಂದೆ ಆ ಗಿರಣಿ ಹೆಂಗಸರ ಪಾಲಿದೆ. ಬಿ12 ಕೊರತೆಯಲ್ಲೂ ಕಣ ಹೀಗೆಯೇ ಊದುತ್ತದೆ. ಅಲ್ಲಿ ಬರೀ ಕಬ್ಬಿಣದಿಂದ ಪ್ರಯೋಜನವಿಲ್ಲ.

ರಕ್ತಹೀನತೆಯ ಮತ್ತೊಂದು ಬಗೆಯಾದ ಕುಡಗೋಲು ಕಣ (ಸಿಕಲ್ ಸೆಲ್) ರೋಗದಲ್ಲಿ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ, ಅಷ್ಟೇ. ಆ ಒಂದು ಬದಲಾವಣೆಯಿಂದ 120 ದಿನ ಬಾಳಬೇಕಾದ ಕಣ ಹತ್ತಿಪ್ಪತ್ತು ದಿನಕ್ಕೆ ಒಡೆಯುತ್ತದೆ. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಸಮುದಾಯಗಳಲ್ಲಿ ಇದು ಇದೆ. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದ ತಪಾಸಣೆ ನಮ್ಮ ರಾಜ್ಯದಲ್ಲೂ ನಡೆಯುತ್ತಿದೆ. ‘ರಕ್ತಹೀನತೆಗೆ ಜೀನ್ ಚಿಕಿತ್ಸೆ ಬಂದಿದೆಯಂತೆ’ ಎಂದು ಒಬ್ಬರು ನನಗೆ ಹೇಳಿದರು. ಅವರು ಓದಿದ್ದು ಕ್ಯಾಸ್ಜೆವಿ ಎಂಬ ಚಿಕಿತ್ಸೆಯ ವಿಷಯ. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟವು. ತಾಯಿಯ ಹೊಟ್ಟೆಯಲ್ಲಿದ್ದಾಗ ನಮ್ಮೆಲ್ಲರಲ್ಲೂ ಇದ್ದ ಭ್ರೂಣದ ಹಿಮೋಗ್ಲೋಬಿನ್ ಹುಟ್ಟಿದ ಮೇಲೆ ನಿಂತುಹೋಗುತ್ತದೆ. ಅದನ್ನು ನಿಲ್ಲಿಸುವ ಜೀನನ್ನು ಸುಮ್ಮನಾಗಿಸಿ, ಹಳೆಯ ಹಿಮೋಗ್ಲೋಬಿನ್ನನ್ನು ಮತ್ತೆ ಹುಟ್ಟಿಸುವುದು ಅದರ ತಂತ್ರ. ಅದು ಕುಡಗೋಲು ಕಣ ರೋಗಕ್ಕೆ ಮತ್ತು ತೀವ್ರ ಬೀಟಾ ಥಲಸೀಮಿಯಕ್ಕೆ. ಊಟದಲ್ಲಿ ಕಬ್ಬಿಣ ಸಾಲದವರಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ. ಎಲ್ಲಕ್ಕೂ ಒಂದೇ ಹೆಸರು ಕೊಟ್ಟರೆ ಆಸೆಯೂ ತಪ್ಪು ವಿಳಾಸಕ್ಕೆ ಹೋಗುತ್ತದೆ.

ಕಬ್ಬಿಣದ ವಿಷಯದಲ್ಲೂ ತಿಳಿವಳಿಕೆ ಈ ಇಪ್ಪತ್ತೈದು ವರ್ಷಗಳಲ್ಲಿ ಬದಲಾಗಿದೆ. ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅದು ಉಗ್ರಾಣದ ಬೀಗದ ಕೈ ಇದ್ದಂತೆ. ಹೆಪ್ಸಿಡಿನ್ ಏರಿದರೆ ಕರುಳಿನಿಂದ ಕಬ್ಬಿಣ ರಕ್ತಕ್ಕೆ ಇಳಿಯುವ ಬಾಗಿಲು ಮುಚ್ಚುತ್ತದೆ, ಸಂಗ್ರಹದಲ್ಲಿರುವುದೂ ಹೊರಬರುವುದಿಲ್ಲ. ದೀರ್ಘಕಾಲದ ಸೋಂಕು, ಉರಿಯೂತ ಇರುವವರಲ್ಲಿ ಆಗುವುದು ಇದೇ. ಕಣಜದಲ್ಲಿ ಅಕ್ಕಿಯಿದ್ದೂ ಒಲೆಯ ಮೇಲೆ ಅನ್ನವಿಲ್ಲ. ದೊಡ್ಡ ಪ್ರಮಾಣದ ಕಬ್ಬಿಣದ ಮಾತ್ರೆಯೂ ಮರುದಿನದ ತನಕ ಹೆಪ್ಸಿಡಿನ್ನನ್ನು ಏರಿಸುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಸಂಶೋಧಕರು ಕಬ್ಬಿಣದ ಕೊರತೆಯಿದ್ದ ಯುವತಿಯರಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ನುಂಗುವುದಕ್ಕಿಂತ ದಿನ ಬಿಟ್ಟು ದಿನ ನುಂಗಿದಾಗ ಮಾತ್ರೆಯ ಕಬ್ಬಿಣ ಹೆಚ್ಚು ಹೀರಿಕೆಯಾಯಿತು. ಗರ್ಭಿಣಿಯರು ಇದನ್ನು ಓದಿ ತಾವಾಗಿ ಮಾತ್ರೆ ಬಿಡಬಾರದು, ವೈದ್ಯರು ಹೇಳಿದಂತೆಯೇ ನಡೆಯಬೇಕು. ಬೀಟ್‌ರೂಟಿನ ಕೆಂಪಿಗೂ ರಕ್ತದ ಕೆಂಪಿಗೂ ಸಂಬಂಧವಿಲ್ಲ. ಅದರಲ್ಲಿ ಇರುವುದಕ್ಕಿಂತ ಹಲವು ಪಟ್ಟು ಕಬ್ಬಿಣ ಹುರುಳಿಕಾಳಿನಲ್ಲಿದೆ. ಹುರುಳಿ ಸಾರಿನ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟದ ಬೆನ್ನಿಗೇ ಕಾಫಿ ಕುಡಿಯಬೇಡಿ.

ಅಂಕಿಯ ಮಾತೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ದೇಶದಲ್ಲಿ ಶೇಕಡ 57, ಕರ್ನಾಟಕದಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ. ಆ ಸಮೀಕ್ಷೆಯಲ್ಲಿ ಬೆರಳು ಚುಚ್ಚಿ ರಕ್ತ ತೆಗೆದರು. ಹನಿ ಬಾರದಿದ್ದಾಗ ಬೆರಳನ್ನು ಹಿಂಡುವುದನ್ನು ಶಿಬಿರಗಳಲ್ಲಿ ನೋಡಿದ್ದೀರಿ. ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರೂ ಬಂದು ಅಂಕಿ ಇಳಿಯುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರ ಕುರ್ಪಾಡ್ ಮತ್ತು ಅವರ ಜೊತೆಗಾರರು, ಆರೋಗ್ಯವಂತ ಭಾರತೀಯ ಮಕ್ಕಳ ರಕ್ತನಾಳದಿಂದ ತೆಗೆದ ರಕ್ತವನ್ನು ಆಧರಿಸಿ, ನಮ್ಮ ಮಕ್ಕಳಿಗೆ ಹಾಕಿರುವ ರಕ್ತಹೀನತೆಯ ಗೆರೆಯೇ ಎತ್ತರದಲ್ಲಿದೆ ಎಂದು 2021ರಲ್ಲಿ ವಾದಿಸಿದರು. ಚರ್ಚೆ ಮುಗಿದಿಲ್ಲ. ಆದರೆ ‘ದೇಶದ ಅರ್ಧ ಹೆಂಗಸರಲ್ಲಿ ರಕ್ತವಿಲ್ಲ’ ಎಂದು ಬರೆಯುವವರು ಅಳೆದದ್ದು ಏನು, ಹೇಗೆ ಅಳೆದರು ಎಂಬುದನ್ನಾದರೂ ನೋಡಿಕೊಳ್ಳಬೇಕು.

ನಾನು ಬರೆಯುವಾಗ ‘ಅನೀಮಿಯ’ ಎಂದೇ ಬಳಸುತ್ತೇನೆ. ಅದರ ಗ್ರೀಕ್ ಅಕ್ಷರಾರ್ಥ ನಮ್ಮ ಕಿವಿಗೆ ತಾಗುವುದಿಲ್ಲ, ಆದ್ದರಿಂದ ತಪ್ಪೂ ತಾಗುವುದಿಲ್ಲ. ರಕ್ತಹೀನತೆ ಎಂದೇ ಬರೆಯುವವರು ಅದರ ಹಿಂದೆ ಕಾರಣವನ್ನೂ ಸೇರಿಸಿ ಬರೆಯಲಿ: ಕಬ್ಬಿಣಾಂಶ ಕೊರತೆಯ ರಕ್ತಹೀನತೆ, ಬಿ12 ಕೊರತೆಯ ರಕ್ತಹೀನತೆ. ಎರಡು ಪದ ಹೆಚ್ಚಾಗುತ್ತದೆ, ಆಗಲಿ.

ಆ ಹುಡುಗಿ ಮಾತ್ರೆ ನಿಲ್ಲಿಸಿ ಎರಡು ವರ್ಷವಾಯಿತು. ಹಿಮೋಗ್ಲೋಬಿನ್ ಈಗಲೂ ಹತ್ತೂವರೆಯ ಆಸುಪಾಸಿನಲ್ಲೇ ಇದೆ, ಅವಳ ಮಟ್ಟಿಗೆ ಅದೇ ಸರಿ. ಕಳೆದ ತಿಂಗಳು ಮದುವೆ ಗೊತ್ತಾಯಿತು. ಜಾತಕದ ಜೊತೆಗೆ ಹುಡುಗನ ಎ2 ವರದಿಯನ್ನೂ ಅವಳೇ ಕೇಳಿ ತರಿಸಿಕೊಂಡಳು. 2.6 ಇತ್ತು.