ಎಬಿಎಸ್ ದೀಪ ಹತ್ತಿದರೆ ಇಡೀ ಯೂನಿಟ್ ಬದಲಿಸಲೇಬೇಕೆ?

ಪ್ರಶ್ನೆ: ನನ್ನದು 2013ರ ಡೀಸೆಲ್ ಕಾರು. ಬಳ್ಳಾರಿಯಿಂದ ತೋರಣಗಲ್ಲಿಗೆ ದಿನವೂ ಕೆಲಸಕ್ಕೆ ಓಡಾಡುತ್ತೇನೆ. ಕೆಲವು ವಾರಗಳಿಂದ ಎಬಿಎಸ್ ದೀಪ ಆರುತ್ತಲೇ ಇಲ್ಲ. ಒಬ್ಬ ಮೆಕ್ಯಾನಿಕ್ ಇಡೀ ಯೂನಿಟ್ ಬದಲಿಸಬೇಕು ಎನ್ನುತ್ತಾರೆ. ಇನ್ನೊಬ್ಬರು, ಹಳೆಯ ಗಾಡಿಗೆ ಅಷ್ಟು ದುಡ್ಡು ಏಕೆ, ಯೂನಿಟ್ ತೆಗೆದು ಪೈಪುಗಳನ್ನು ನೇರವಾಗಿ ಜೋಡಿಸಿಕೊಡುತ್ತೇನೆ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ಎರಡನೆಯವರ ಮಾತನ್ನಂತೂ ಯಾವತ್ತೂ ಕೇಳಬೇಡಿ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ತಿರುಗದೆ ಲಾಕ್ ಆಗಿ ಜಾರದಂತೆ ತಡೆಯುವುದೇ ಎಬಿಎಸ್ ಕೆಲಸ; ಅದರ ಪಂಪು, ವಾಲ್ವ್, ಎಲೆಕ್ಟ್ರಾನಿಕ್ ಬೋರ್ಡು ಸೇರಿದ ಪೆಟ್ಟಿಗೆಯೇ ಈ ಯೂನಿಟ್.

ಪೈಪು ನೇರ ಜೋಡಿಸುವವರು ಸಾಮಾನ್ಯವಾಗಿ ಒಂದು ವಾದ ಹೂಡುತ್ತಾರೆ: ಇದೇ ಮಾದರಿಯ ಎಬಿಎಸ್ ಇಲ್ಲದ ಕಾರುಗಳು ಚೆನ್ನಾಗಿಯೇ ಓಡುತ್ತಿವೆಯಲ್ಲ ಎಂದು. ಓಡುತ್ತಿವೆ, ನಿಜ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಅದಕ್ಕೂ ಮೊದಲು ಎಷ್ಟೋ ಮಾದರಿಗಳಲ್ಲಿ ದುಬಾರಿ ವೇರಿಯಂಟ್‌ಗಳಿಗೆ ಮಾತ್ರ ಇರುತ್ತಿತ್ತು. ಆದರೆ ಎಬಿಎಸ್ ಇಲ್ಲದ ಕಾರಿನಲ್ಲಿ ಹಿಂದಿನ ಚಕ್ರಗಳಿಗೆ ಹೋಗುವ ಒತ್ತಡವನ್ನು ತಗ್ಗಿಸಲು ಪ್ರತ್ಯೇಕ ವಾಲ್ವ್ ಇರುತ್ತದೆ. ಇಬಿಡಿ (ಮುಂದಿನ, ಹಿಂದಿನ ಚಕ್ರಗಳಿಗೆ ಬ್ರೇಕ್ ಒತ್ತಡವನ್ನು ಹಂಚುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇರುವ ಬಹುತೇಕ ಕಾರುಗಳಲ್ಲಿ ಆ ವಾಲ್ವ್ ಇರುವುದಿಲ್ಲ, ಆ ಕೆಲಸವನ್ನೂ ಎಬಿಎಸ್ ಯೂನಿಟ್ಟೇ ಮಾಡುತ್ತದೆ. ಅದನ್ನು ಕಿತ್ತು ಪೈಪು ಸೇರಿಸಿದರೆ ಹಿಂದಿನ ಚಕ್ರಗಳಿಗೂ ಪೂರ್ಣ ಒತ್ತಡ ಹೋಗುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಅವೇ ಮೊದಲು ಲಾಕ್ ಆಗುತ್ತವೆ, ಕಾರು ಬುಗುರಿಯಂತೆ ತಿರುಗುತ್ತದೆ. ಅದಿರು ಲಾರಿಗಳ ನಡುವೆ ಹೊಸಪೇಟೆ ರಸ್ತೆಯಲ್ಲಿ ಹೀಗಾದರೆ ಏನಾಗುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ದೀಪದ ಕಾಟ ತಪ್ಪಿಸಲು ಎಬಿಎಸ್ ಫ್ಯೂಸ್ ಕಿತ್ತು ಓಡಿಸುವುದೂ ಇದೇ ಕಾರಣಕ್ಕೆ ತಪ್ಪು.

ನಿಮ್ಮ ಕಾರಿನಲ್ಲಿ ಹಳದಿ ಎಬಿಎಸ್ ದೀಪ ಮಾತ್ರ ಹತ್ತಿದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತಿದೆ ಎಂದರ್ಥ. ಮಳೆಯಲ್ಲಿ ಚಕ್ರ ಜಾರಬಹುದು, ಆದ್ದರಿಂದ ಮುಂದಿನ ಗಾಡಿಯಿಂದ ಹೆಚ್ಚು ಅಂತರ ಬಿಟ್ಟು, ನಿಧಾನವಾಗಿ ಗ್ಯಾರೇಜಿನವರೆಗೆ ಓಡಿಸಬಹುದು. ಅದರ ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಗಾಡಿ ನಿಲ್ಲಿಸಿ. ಬ್ರೇಕ್ ಆಯಿಲ್ ಇಳಿದಿರಬಹುದು, ಇಲ್ಲವೇ ಇಬಿಡಿಯೂ ಕೈಕೊಟ್ಟಿರಬಹುದು. ಆಗ ಅದನ್ನು ಎಳೆಸಿಕೊಂಡೇ ಹೋಗಬೇಕು.

ಇನ್ನು ಮೊದಲನೆಯ ಮೆಕ್ಯಾನಿಕ್ ಮಾತಿಗೆ ಬರೋಣ. ಹಳೆಯ ಕಾರುಗಳಲ್ಲಿ ಈ ದೀಪ ಹತ್ತಿದಾಗ ಮೊದಲು ಅನುಮಾನಿಸಬೇಕಾದದ್ದು ಯೂನಿಟ್ಟನ್ನಲ್ಲ, ಚಕ್ರದ ಬಳಿಯ ಸೆನ್ಸರನ್ನು. ಪ್ರತಿ ಚಕ್ರದ ಹಬ್ ಬಳಿ ಬೆರಳಿನಷ್ಟು ದಪ್ಪದ ಒಂದು ಸೆನ್ಸರ್, ಅದರೆದುರು ಹಲ್ಲಿನ ಬಳೆ ಅಥವಾ ಅಯಸ್ಕಾಂತದ ಪಟ್ಟಿ ಇರುತ್ತದೆ. ಹಲ್ಲಿನ ಬಳೆಗೂ ಸೆನ್ಸರ್ ತುದಿಗೂ ನಡುವೆ ಸುಮಾರು ಒಂದು ಮಿಲಿಮೀಟರ್ ಅಂತರ ಅಷ್ಟೇ. ನಮ್ಮ ಕಡೆ ಆ ಒಂದು ಮಿಲಿಮೀಟರಿನಲ್ಲಿ ಏನೇನೋ ಸೇರಿಕೊಳ್ಳುತ್ತದೆ. ಅದಿರಿನ ಕೆಂಪು ಧೂಳನ್ನು ಅಯಸ್ಕಾಂತ ಅಷ್ಟಾಗಿ ಸೆಳೆಯುವುದಿಲ್ಲ. ಆದರೆ ಬ್ರೇಕ್ ಡಿಸ್ಕ್ ಸವೆದು ಉದುರುವ ಕಬ್ಬಿಣದ ಪುಡಿ, ಸ್ಪಾಂಜ್ ಐರನ್ ಕಾರ್ಖಾನೆಗಳ ಸುತ್ತಲಿನ ಪುಡಿ ಸೆನ್ಸರ್ ತುದಿಗೆ ಗಡ್ಡದಂತೆ ಹತ್ತಿಕೊಳ್ಳುತ್ತದೆ. ಸಿಂಧನೂರು, ಗಂಗಾವತಿ ಕಡೆಯವರಿಗೆ ಬೇರೆ ತೊಂದರೆ: ಗದ್ದೆ ಬದಿಯ ಎರೆಮಣ್ಣು ಚಕ್ರದೊಳಗೆ ಮೆತ್ತಿ ಒಣಗಿ ವೈರನ್ನು ಜಗ್ಗುತ್ತದೆ, ಭತ್ತದ ಗೋದಾಮಿನ ಬಳಿ ನಿಲ್ಲಿಸಿದ ಕಾರಿನ ವೈರನ್ನು ಇಲಿ ಕಡಿಯುತ್ತದೆ.

ಆದ್ದರಿಂದ ಮೊದಲು ಸ್ಕ್ಯಾನ್ ಮಾಡಿಸಿ, ಅಂದರೆ ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡುಗಳನ್ನು ಓದಿಸಿ. ಅಗ್ಗದ ಸ್ಕ್ಯಾನರ್‌ಗಳು ಎಂಜಿನ್ ಕೋಡುಗಳನ್ನಷ್ಟೇ ಓದುತ್ತವೆ, ಎಬಿಎಸ್ ಓದುವ ಸ್ಕ್ಯಾನರ್ ಇದೆಯೇ ಎಂದು ಕೇಳಿಕೊಂಡೇ ಹೋಗಿ. ‘ಎಡ ಮುಂದಿನ ಸೆನ್ಸರ್’ ಎಂದು ಕೋಡ್ ಬಂದ ಮಾತ್ರಕ್ಕೆ ಸೆನ್ಸರ್ ಕೊಳ್ಳಲು ಓಡಬೇಡಿ. ಆ ಕೋಡ್ ಹೇಳುವುದು ಸೆನ್ಸರ್, ವೈರು, ಕನೆಕ್ಟರ್ ಎಲ್ಲ ಸೇರಿದ ಆ ಚಕ್ರದ ಸರ್ಕ್ಯೂಟಿನ ಸಂಗತಿ. ಸ್ಕ್ಯಾನರನ್ನು ಜೋಡಿಸಿಕೊಂಡೇ ಕಾರನ್ನು 20 ಕಿ.ಮೀ. ವೇಗದಲ್ಲಿ ನೇರ ಓಡಿಸಿದರೆ ನಾಲ್ಕೂ ಚಕ್ರಗಳ ವೇಗ ಪರದೆಯ ಮೇಲೆ ಕಾಣುತ್ತದೆ. ಯಾವುದು ಸೊನ್ನೆ ತೋರಿಸುತ್ತದೋ, ಯಾವುದು ಕುಣಿಯುತ್ತದೋ, ರೋಗ ಅಲ್ಲಿದೆ. ಚಕ್ರ ಬಿಚ್ಚಿ, ಸೆನ್ಸರ್ ತೆಗೆದು ಒರೆಸಿ, ವೈರಿನುದ್ದಕ್ಕೂ ಕಣ್ಣಾಡಿಸಿ. ಇತ್ತೀಚೆಗೆ ಬೇರಿಂಗ್ ಬದಲಿಸಿದ್ದರೆ ಅದನ್ನೂ ಹೇಳಿ: ಅಯಸ್ಕಾಂತದ ಪಟ್ಟಿ ಇರುವ ಬೇರಿಂಗನ್ನು ತಿರುಗುಮುರುಗಾಗಿ ಕೂರಿಸಿದರೆ ಸಿಗ್ನಲ್ ಬರುವುದೇ ಇಲ್ಲ. ನಾಲ್ಕು ಟೈರುಗಳ ಅಳತೆ ಬೇರೆ ಬೇರೆ ಇದ್ದರೂ ದೀಪ ಹತ್ತಬಹುದು. ಕಾರು ನಿಲ್ಲುವ ಹೊತ್ತಿಗೆ, ಒಣ ರಸ್ತೆಯಲ್ಲೂ, ಪೆಡಲ್ ಸುಮ್ಮನೆ ಗಡಗಡ ಎನ್ನುತ್ತಿದ್ದರೆ ಹಲ್ಲಿನ ಬಳೆ ತುಕ್ಕು ಹಿಡಿದು ಸೀಳಿರುವ ಸಾಧ್ಯತೆ ಹೆಚ್ಚು.

ನಾಲ್ಕೂ ಚಕ್ರಗಳ ವೇಗ ಸರಿಯಾಗಿದ್ದು, ಕೋಡ್ ಪಂಪ್ ಮೋಟಾರನ್ನೋ ವಾಲ್ವನ್ನೋ ತೋರಿಸಿದರೆ, ಅಥವಾ ಸ್ಕ್ಯಾನರಿಗೆ ಯೂನಿಟ್ ಉತ್ತರವನ್ನೇ ಕೊಡದಿದ್ದರೆ ಆಗ ಯೂನಿಟ್ಟಿನ ಮೇಲೆ ಅನುಮಾನ ಪಡಿ. ಆಗಲೂ ಮೊದಲು ಬ್ಯಾಟರಿ ವೋಲ್ಟೇಜ್, ಫ್ಯೂಸ್, ಅರ್ತ್ ವೈರು ನೋಡಿಸಿ. ಕೆಲವು ಯೂನಿಟ್‌ಗಳಲ್ಲಿ ಕೆಡುವುದು ಎಲೆಕ್ಟ್ರಾನಿಕ್ ಬೋರ್ಡಿನ ಬೆಸುಗೆ ಮಾತ್ರ. ಬೋರ್ಡನ್ನಷ್ಟೇ ಬಿಚ್ಚಿ ರಿಪೇರಿ ಮಾಡುವ ಅನುಭವಸ್ಥರು ಸಿಕ್ಕರೆ ಬ್ರೇಕ್ ಪೈಪು ಬಿಚ್ಚುವ ಕೆಲಸವೇ ಬೇಕಾಗುವುದಿಲ್ಲ. ಹಳೆಯ ಕಾರಿಗೆ ನಾನು ಮೊದಲು ಹೇಳುವುದು ಈ ದಾರಿಯನ್ನೇ.

ಅದೂ ಆಗದಿದ್ದರೆ ಹೊಸದು ಅಥವಾ ಗುಜರಿಯದು. ಗುಜರಿಯಲ್ಲಿ ಕೊಳ್ಳುವಾಗ ಹೊರನೋಟ ನಂಬಬೇಡಿ. ಲೇಬಲ್ ಮೇಲಿನ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ನಿಮ್ಮ ಹಳೆಯ ಯೂನಿಟ್ಟಿನದಕ್ಕೆ ತಾಳೆಯಾಗಬೇಕು. ಪೈಪಿನ ಬಾಯಿಗಳಿಗೆ ಮುಚ್ಚಳ ಇಲ್ಲದೆ ತಿಂಗಳುಗಟ್ಟಲೆ ಧೂಳಿನಲ್ಲಿ ಬಿದ್ದಿದ್ದ ಯೂನಿಟ್ ಪುಕ್ಕಟೆ ಕೊಟ್ಟರೂ ಬೇಡ: ಒಳಗಿನ ವಾಲ್ವ್‌ಗಳ ರಂಧ್ರಕ್ಕೆ ಒಂದು ಮರಳಿನ ಕಾಳು ಸಾಕು.

ಕೂರಿಸುವುದಕ್ಕಿಂತ ಆಮೇಲಿನ ಕೆಲಸ ದೊಡ್ಡದು. ಹೊಸ ಯೂನಿಟ್‌ಗಳಲ್ಲಿ ಕೆಲವು ಆಯಿಲ್ ತುಂಬಿಯೇ ಬರುತ್ತವೆ, ಕೆಲವು ಒಣಗಿರುತ್ತವೆ. ಒಣ ಯೂನಿಟ್ಟಿನೊಳಗಿನ ಗಾಳಿ ಪೆಡಲ್ ಒತ್ತಿ ಬ್ಲೀಡ್ ಮಾಡುವುದರಿಂದ (ಚಕ್ರದ ಬಳಿಯ ತಿರುಪು ಸಡಿಲಿಸಿ ಆಯಿಲ್ ಜೊತೆ ಗಾಳಿಯನ್ನು ಹೊರಬಿಡುವುದರಿಂದ) ಪೂರ್ತಿ ಹೋಗುವುದಿಲ್ಲ. ಒಮ್ಮೆ ನಾಲ್ಕೂ ಚಕ್ರಗಳಲ್ಲಿ ಬ್ಲೀಡ್ ಮಾಡಿ, ಸ್ಕ್ಯಾನರ್ ಮೂಲಕ ಪಂಪು ಮತ್ತು ವಾಲ್ವ್‌ಗಳನ್ನು ಆಡಿಸಿ, ಮತ್ತೆ ಬ್ಲೀಡ್ ಮಾಡಬೇಕು. ಅನೇಕ ಕಾರುಗಳಲ್ಲಿ ಹೊಸ ಯೂನಿಟ್ಟಿಗೆ ನಿಮ್ಮ ಗಾಡಿಯ ಕೋಡಿಂಗ್ (ಸ್ಕ್ಯಾನರ್ ಮೂಲಕ ಗಾಡಿಯ ವಿವರ ತುಂಬುವುದು) ಕೂಡ ಮಾಡಬೇಕು. ಈ ಎರಡಕ್ಕೂ ಸ್ಕ್ಯಾನರ್ ಇಲ್ಲದ ಗ್ಯಾರೇಜಿಗೆ ಯೂನಿಟ್ ಒಪ್ಪಿಸಬೇಡಿ. ಬ್ರೇಕ್ ಆಯಿಲ್, ಕಾರಿನಲ್ಲಿ ಅದನ್ನು ತುಂಬುವ ಪಾತ್ರೆಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯದೇ ಇರಲಿ, ಮೊಹರು ಒಡೆಯದ ಡಬ್ಬಿಯಿಂದಲೇ ಹಾಕಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ; ತೇವ ಹೀರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ, ಮೇಲಾಗಿ ಆ ತೇವವೇ ವಾಲ್ವ್‌ಗಳಿಗೆ ತುಕ್ಕು ಹಿಡಿಸುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿದ್ದರೆ ಎಷ್ಟೋ ಯೂನಿಟ್‌ಗಳು ಉಳಿಯುತ್ತಿದ್ದವು.

ಹಣ ಕೊಡುವ ಮುನ್ನ ಎಂಜಿನ್ ಚಾಲೂ ಮಾಡಿ, ನಿಂತಲ್ಲೇ ಪೆಡಲ್ ಒತ್ತಿ ನೋಡಿ. ಅದು ಮೆತ್ತಗೆ ಕೆಳಗಿಳಿದರೆ ಗಾಳಿ ಉಳಿದಿದೆ, ಇನ್ನೊಮ್ಮೆ ಬ್ಲೀಡ್ ಮಾಡಿಸಿ. ಗಟ್ಟಿಯಾಗಿದ್ದರೆ ಮೆಕ್ಯಾನಿಕ್ಕನ್ನೂ ಕೂರಿಸಿಕೊಂಡು ಜನರಿಲ್ಲದ ಮಣ್ಣಿನ ಮೈದಾನಕ್ಕೆ ಹೋಗಿ, 30 ಕಿ.ಮೀ. ವೇಗದಲ್ಲಿ ಜೋರಾಗಿ ಬ್ರೇಕ್ ಒತ್ತಿ. ಪೆಡಲ್ ಕಾಲಿನಡಿ ನಡುಗಬೇಕು, ಸ್ಟೀರಿಂಗ್ ತಿರುಗಿಸಿದ ಕಡೆಗೆ ಕಾರು ಹೋಗಬೇಕು, ದೀಪ ಆರಿಯೇ ಇರಬೇಕು.